ದೇವರೊಡನೆ ಮಾತು ಬಿಟ್ಟವರು

ಬಿಸಿಲಲ್ಲಿ ನಡೆದು ಬಂದಾಗ ಮಿಷನ್ ಬಾಯಿಯವರ ಬೆವರು ಕೆಳಗಿಳಿಯುತ್ತಿರಲಿಲ್ಲ. ಮುಖದ ತುಂಬ ಇದ್ದ ಸಿಡುಬಿನ ಕುಣಿಗಳಲ್ಲೇ ನಿಂತುಬಿಡುತ್ತಿತ್ತು. ಅದನ್ನು ಅವರು ಒರೆಸಿಕೊಳ್ಳುತ್ತಲೂ ಇರಲಿಲ್ಲ. ಹಂಚಿನ ಮೇಲಿನ ರೊಟ್ಟಿಗೆ ನೀರಬಟ್ಟೆ ಒತ್ತಿದ ಹಾಗೆ ಸೆರಗನ್ನು ಕೆನ್ನೆಗೆ, ಹಣೆಗೆ, ಗದ್ದಕ್ಕೆ ಮೆಲ್ಲಗೆ ಒತ್ತಿಕೊಳ್ಳುತ್ತಿದ್ದರು. ಬಲಗಣ್ಣು ಆ ರೋಗಕ್ಕೇ ಹೋಗಿತ್ತು. ಅದರ ಮೇಲೆ ಬಿಳಿ ಪೊರೆ ಕಟ್ಟಿತ್ತು, ರೆಪ್ಪೆ ಪೂರ್ತಿ ಮುಚ್ಚುತ್ತಿರಲಿಲ್ಲ. ನಿದ್ದೆ ಮಾಡುವಾಗಲೂ ಅವರು ಅರ್ಧ ಎಚ್ಚರವಿದ್ದಂತೆ ಕಾಣುತ್ತಿತ್ತು.

ನಾನು ಅವರನ್ನು ಮೊದಲು ಕಂಡದ್ದು ತಿಕೋಟಾದಲ್ಲಿ, ಐವತ್ತರ ದಶಕ ಮುಗಿಯುತ್ತಿದ್ದ ಕಾಲದಲ್ಲಿ. ಸಿಡುಬಿನ ಲಸಿಕೆ ಹಾಕುವ ಸರಕಾರಿ ನೌಕರಿ ನನಗೆ ಹೊಸದಾಗಿ ಸಿಕ್ಕಿತ್ತು. ಮನೆ ವಿಜಾಪುರದಲ್ಲಿ, ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ. ಬೆಳಿಗ್ಗೆ ಬರ್ಫ್ ತುಂಬಿದ ಥರ್ಮಾಸಿನಲ್ಲಿ ಲಸಿಕೆ ಇಟ್ಟುಕೊಂಡು ಅಥಣಿ ರಸ್ತೆಯ ಬಸ್ಸು ಹತ್ತಬೇಕು, ತಿಕೋಟಾದಲ್ಲಿ ಇಳಿದು ಅಲ್ಲಿಂದ ಸುತ್ತಲಿನ ಹಳ್ಳಿಗಳಿಗೆ, ಆ ಕಡೆ ಬಬಲೇಶ್ವರದವರೆಗೆ, ನಡೆಯಬೇಕು. ನಮ್ಮ ಕಡೆ ಸಿಡುಬಿಗೆ ದೇವಿ ಅಂತಲೇ ಹೆಸರು. ಲಸಿಕೆ ಹಾಕುವುದಕ್ಕೂ ದೇವಿ ಹಾಕುವುದು ಅಂತಲೇ ಅನ್ನುತ್ತಿದ್ದರು. ಸಣ್ಣ ಹಲ್ಲುಗಳಿದ್ದ ಒಂದು ಬಿಲ್ಲೆಯನ್ನು ತೋಳಿಗೆ ಒತ್ತಿ ತಿರುಗಿಸಬೇಕು. ನೋವಾಗುತ್ತಿತ್ತು, ಜ್ವರ ಬರುತ್ತಿತ್ತು. ನಾನು ಓಣಿಯ ತುದಿಯಲ್ಲಿ ಕಂಡರೆ ಸಾಕು, ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು.

ಅವತ್ತೂ ಹಾಗೇ ಆಗಿತ್ತು. ಮುಚ್ಚಿದ ಬಾಗಿಲುಗಳ ನಡುವೆ ನಾನು ಸುಮ್ಮನೆ ನಿಂತಿದ್ದಾಗ ಬಿಳಿ ಸೀರೆಯ, ಕರಿ ಛತ್ರಿಯ ಹೆಂಗಸೊಬ್ಬರು ಬಂದು, "ಹೊಸಬರೇನ್ರಿ?" ಎಂದು ಕೇಳಿದರು. ಹೌದೆಂದೆ. ಅವರು ಛತ್ರಿ ಮಡಚಿ ಎದುರಿನ ಬಾಗಿಲು ಬಡಿದರು.

"ಯವ್ವಾ, ನಾ ಅದೇನಿ. ಬಾಗಲಾ ತಗೀರಿ."

ಬಾಗಿಲು ತೆರೆಯಿತು. ಅಕ್ಕಪಕ್ಕದ ಹೆಂಗಸರೂ ಇಣುಕಿದರು. ಬಾಯಿಯವರು ತಲೆಯ ಮೇಲಿನ ಸೆರಗು ತೆಗೆದು ಬಿಸಿಲಿಗೆ ಮುಖ ಮಾಡಿ ನಿಂತರು.

"ನನ್ನ ಮಾರಿ ಸರಿಯಾಗಿ ನೋಡ್ರಿ. ನಿಮ್ಮ ಹುಡುಗ್ಯಾರ ಮಾರಿ ಹಿಂಗ ಆಗೋದು ಬೇಕೋ, ತೋಳಿನ ಮ್ಯಾಲ ಸಣ್ಣದೊಂದು ಗುರುತು ಆಗೋದು ಬೇಕೋ? ನೀವ ಹೇಳ್ರಿ."

ಒಳಗಿನಿಂದ ಮುದುಕಿಯೊಬ್ಬಳು, "ಆಕಿ ಬರಾಕಿ ಇದ್ದಳಂದ್ರ ಬಂದ ಬರ್ತಾಳ ಬಾಯಾರ. ಚುಚ್ಚಿಸಿಕೊಂಡ್ರ ಸಿಟ್ಟಿಗೇಳ್ತಾಳ" ಅಂದಳು.

"ಸಿಟ್ಟಿಗೆದ್ರ ನನ್ನ ಹೆಸರು ಹೇಳು. ನನ್ನ ಮನಿಗೆ ಆಕಿ ಒಮ್ಮಿ ಬಂದು ಹೋಗ್ಯಾಳ, ಮತ್ತ ಬರಾಂಗಿಲ್ಲ."

ಹೆಂಗಸರು ನಕ್ಕರು. ಅವತ್ತು ಆ ಓಣಿಯ ಎಲ್ಲ ಮಕ್ಕಳಿಗೂ ಲಸಿಕೆಯಾಯಿತು. ಅಲ್ಲಿಂದ ಮುಂದೆ ನಾನು ತಿಕೋಟಾದಲ್ಲಿ ಇಳಿದ ಕೂಡಲೇ ಮೊದಲು ಅವರ ಮನೆಗೆ ಹೋಗುವುದು ರೂಢಿಯಾಯಿತು.

ಜನ ಅವರನ್ನು ಮಿಷನ್ ಬಾಯಿ ಅನ್ನುತ್ತಿದ್ದರು, ಎದುರಿಗೆ ಬಾಯಾರು. ಊರೂರು ತಿರುಗಿ ಹೆಂಗಸರಿಗೆ ಯೇಸುವಿನ ಕತೆ ಹೇಳುವುದು ಅವರ ಕೆಲಸ. ತಿಕೋಟಾದಲ್ಲಿ ಬೆರಳೆಣಿಕೆಯ ಕ್ರೈಸ್ತ ಮನೆಗಳಿದ್ದವು, ತಗಡು ಹೊದಿಸಿದ ಒಂದು ಸಣ್ಣ ಪ್ರಾರ್ಥನಾ ಮಂದಿರವಿತ್ತು. ಅದಕ್ಕೆ ಹತ್ತಿದ ಎರಡು ಖೋಲಿಗಳಲ್ಲಿ ಅವರು ಒಬ್ಬರೇ ಇರುತ್ತಿದ್ದರು. ಗಂಡ ಮಿಷನ್ನಿನಲ್ಲಿ ಉಪದೇಶಿಯಾಗಿದ್ದವರು, ಬಹಳ ಹಿಂದೆಯೇ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಅವರ ಕತೆ ಕೇಳಿ ಯಾರಾದರೂ ಕ್ರೈಸ್ತರಾದರೋ ಎಂದರೆ, ನನಗೆ ತಿಳಿದಂತೆ ಒಬ್ಬರೂ ಇಲ್ಲ. ಆದರೆ ಹೆಂಗಸರು ಕೇಳುತ್ತಿದ್ದರು. ಶೇಂಗಾ ಒಡೆಯುತ್ತ, ಕುಸುಬಿ ಹಸನು ಮಾಡುತ್ತ, ಕೂಸಿಗೆ ಹಾಲು ಕುಡಿಸುತ್ತ ಕೇಳುತ್ತಿದ್ದರು. ಬಾಯಿಯವರ ಯೇಸುಸ್ವಾಮಿ ನಮ್ಮ ಎರೆಹೊಲದ ದಾರಿಯಲ್ಲೇ ಬರಿಗಾಲಲ್ಲಿ ನಡೆದು ಬರುತ್ತಿದ್ದ, ಬಾವಿಯ ಕಟ್ಟೆಯ ಮೇಲೆ ಕುಳಿತು ನೀರು ಕೇಳುತ್ತಿದ್ದ, ಕಾಯಿಲೆ ಬಿದ್ದವರ ಮನೆಯನ್ನು ಕರೆಯದೆಯೇ ಹೊಕ್ಕುಬಿಡುತ್ತಿದ್ದ.

ಮಧ್ಯಾಹ್ನ ನಾವು ಎಲ್ಲಾದರೂ ಬೇವಿನ ಗಿಡ ಕಂಡಲ್ಲಿ ಬುತ್ತಿ ಬಿಚ್ಚುತ್ತಿದ್ದೆವು. ಅವರು ಉಣ್ಣುವ ಮೊದಲು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವರು. ಬಲಗಣ್ಣಿನ ರೆಪ್ಪೆ ಮಾತ್ರ ಮುಚ್ಚುತ್ತಿರಲಿಲ್ಲವಲ್ಲ, ಒಂದು ದಿನ ನಾನು ತಮಾಷೆಗೆ, "ಏನ್ ಬಾಯಾರ, ಒಂದು ಕಣ್ಣು ದೇವರ ಕಡೆ, ಒಂದು ಕಣ್ಣು ರೊಟ್ಟಿ ಕಡೆ ಇಟ್ಟೀರಲ್ಲ?" ಅಂದೆ. ಕೆಟ್ಟ ಮಾತಾಯಿತೇನೋ ಎಂದು ಕೂಡಲೇ ಅಂಜಿದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಹೌದಲ್ಲೋ ತಮ್ಮಾ, ಕಾಗಿ ಒಯ್ದಾವು ಅಂತ ಕಾಯ್ಬೇಕಲ್ಲ!"

ಅಂಥದೇ ಒಂದು ಮಧ್ಯಾಹ್ನ ಅವರು ತಮ್ಮ ಕತೆ ಹೇಳಿದ್ದು. ಅವರು ಇನ್ನೂ ಸರಿಯಾಗಿ ಮಾತು ಬಾರದ ಕೂಸಾಗಿದ್ದಾಗ ಊರಿಗೆ ದೇವಿ ಬಂದಿತ್ತು. ಅಪ್ಪ, ಅವ್ವ, ಅಣ್ಣಂದಿರು ಎಲ್ಲರೂ ಹೋದರು. ಸೋದರಮಾವ ಈ ಒಂದು ಕೂಸನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗಿ ಮಿಷನ್ನಿನ ಅನಾಥಾಲಯದ ಬಾಗಿಲಲ್ಲಿ ಬಿಟ್ಟು ಬಂದಿದ್ದ.

"ಎಲ್ಲಾರ್ನೂ ಒಯ್ದಾತ ನನ್ನೊಬ್ಬಾಕೀನ ಯಾಕ ಬಿಟ್ಟ ಅಂತ ಸಣ್ಣಾಕಿ ಇದ್ದಾಗಿಂದ ಕೇಳ್ತಿದ್ದೆ ತಮ್ಮಾ. ದೊಡ್ಡಾಕಿ ಆದ ಮ್ಯಾಲ ತಿಳೀತು. ದೇವಿ ಬಂದ ಮನಿಯೊಳಗ ಯಾರೂ ಕಾಲಿಡೂದಿಲ್ಲ. ನಾ ಇಡಬಹುದು. ಅದಕ್ಕ ಬಿಟ್ಟಾನ."

ಇಷ್ಟು ಹೇಳಿ ಅವರು ಎಲೆಯಡಿಕೆ ಚೀಲ ತೆಗೆದರು. ಅವರ ಬದುಕೆಲ್ಲ ಈ ಒಂದು ಉತ್ತರದ ಮೇಲೆ ನಿಂತಿದೆ ಅನ್ನುವುದು ಆಗ ನನಗೆ ತಿಳಿಯಲಿಲ್ಲ. ಕೇಳಿ ಮರೆತೆ.

ಅರವತ್ತರ ದಶಕ ಆರಂಭವಾದ ಮೇಲೆ ಒಂದು ಬೇಸಿಗೆ ಬಂತು. ಅದನ್ನು ನೆನೆದರೆ ಈಗಲೂ ನನ್ನ ಕಾಲುಗಳು ಭಾರವಾಗುತ್ತವೆ. ಸುಗ್ಗಿಗೆಂದು ದೂರ ಹೋಗಿದ್ದವರು ತಿರುಗಿ ಬರುವಾಗ ರೋಗವನ್ನೂ ತಂದರು. ಮೊದಲು ಒಂದು ಬಾಗಿಲಿಗೆ, ದೇವಿ ಬಂದ ಗುರುತೆಂದು, ಬೇವಿನ ತಪ್ಪಲು ಕಟ್ಟಿದ್ದು ಕಂಡಿತು, ವಾರ ಕಳೆಯುವುದರಲ್ಲಿ ಓಣಿಗೆ ಓಣಿಯೇ ಹಸಿರಾಯಿತು. ನಾವು ಒಂದು ಹಳ್ಳಿಗೆ ಹೋಗಿ ಮುಟ್ಟುವುದರೊಳಗೆ ರೋಗ ಮುಂದಿನ ಹಳ್ಳಿಗೆ ಹೋಗಿರುತ್ತಿತ್ತು. ಥರ್ಮಾಸಿನ ಬರ್ಫ್ ದಾರಿಯಲ್ಲೇ ಕರಗಿ, ಲಸಿಕೆ ಕೆಟ್ಟು, ಹಾಕಿದ ಮಕ್ಕಳಲ್ಲೂ ಅದು ನಾಟುತ್ತಿರಲಿಲ್ಲ. ಎರಡೆರಡು ಸಲ ಚುಚ್ಚಿಸಿಕೊಂಡ ಮಗುವಿಗೇ ರೋಗ ಬಂದಾಗ ಅದರ ತಂದೆಯ ಮುಖ ನೋಡಲು ನನಗೆ ಆಗುತ್ತಿರಲಿಲ್ಲ.

ಬಾಯಿಯವರು ಕತೆ ಹೇಳುವುದನ್ನು ಬಿಟ್ಟು ಮೈ ತೊಳೆಯುವ ಕೆಲಸಕ್ಕೆ ನಿಂತರು. ಬೇವಿನ ನೀರು ಕಾಯಿಸಿ, ಹಳೆಯ ಧೋತರದ ಮೆತ್ತನೆಯ ತುಂಡುಗಳನ್ನು ಅದ್ದಿ, ಮಕ್ಕಳ ಕಣ್ಣಿಗೆ ಅಂಟಿದ ಕೀವನ್ನು ಬಿಡಿಸುವರು. "ಕಣ್ಣೊಂದು ಉಳೀಲಿ, ಕಣ್ಣೊಂದು ಉಳೀಲಿ" ಅನ್ನುತ್ತಲೇ ಇರುವರು. ಸತ್ತ ಮಕ್ಕಳನ್ನು ಎತ್ತಲು ಗಂಡಸರು ಹಿಂದೆ ಸರಿದಾಗ ಅವರೇ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಹೊರಗೆ ತಂದು ಕೊಡುತ್ತಿದ್ದರು. ಲಸಿಕೆ ಹಾಕಿ ಅವಸರದಲ್ಲಿ ನಾನು ಮುಂದಿನ ಮನೆಗೆ ಹೊರಟರೆ, "ಓಡಬ್ಯಾಡೋ ತಮ್ಮಾ. ಕೂಸು ಹೋದ ಮನಿ ಇದು. ಒಂದೀಟು ಕೂಡು" ಅನ್ನುವರು. ಏನು ಮಾತಾಡಬೇಕು ಎಂದರೆ, "ಏನೂ ಬ್ಯಾಡ. ಬರೇ ಕೂಡು."

ಒಂದು ಸಂಜೆ ಮನೆಗೆ ಬಂದವನು ಥರ್ಮಾಸನ್ನು ಮೂಲೆಗೆ ಇಟ್ಟು, ನಾಳೆಯಿಂದ ಹೋಗುವುದಿಲ್ಲ ಅಂದುಬಿಟ್ಟೆ. ನಮ್ಮವ್ವ ಏನೂ ಅನ್ನಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಬುತ್ತಿ ಕಟ್ಟಿ ಇಟ್ಟಿದ್ದಳು, ಇಬ್ಬರಿಗಾಗುವಷ್ಟು. ಆ ಬಾಯಿಯ ಮನೆಯಲ್ಲಿ ನೀರು ಕುಡಿದೆಯಾ ಎಂದು ಒಂದು ಕಾಲಕ್ಕೆ ನನ್ನನ್ನು ಬೈದಿದ್ದವಳು ಅವಳು. "ಆಕಿ ಕಾಯ್ತಿರ್ತಾಳ, ಹೋಗು" ಅಂದಳು. ಹೋದೆ. ಬಾಯಿಯವರು ತಿಕೋಟಾದ ಬಸ್‌ಸ್ಟ್ಯಾಂಡಿನಲ್ಲಿ ಛತ್ರಿ ಊರಿಕೊಂಡು ನಿಂತಿದ್ದರು.

ಬಬಲೇಶ್ವರದ ದಾರಿಯಲ್ಲಿ ಹೊಲದ ನಡುವೆ ಒಂದು ವಸ್ತಿ ಇತ್ತು, ನಾಲ್ಕಾರು ಗುಡಿಸಲುಗಳು. ಅಲ್ಲಿ ಬಾಯಿಯವರ ಕತೆಗಳನ್ನು ಬಹಳ ಪ್ರೀತಿಯಿಂದ ಕೇಳುತ್ತಿದ್ದ ಒಬ್ಬ ಎಳೆಯ ಹೆಣ್ಣುಮಗಳಿದ್ದಳು. ಅವಳ ಹೆಣ್ಣುಮಕ್ಕಳಿಬ್ಬರೂ ಆ ಬೇಸಿಗೆಯಲ್ಲಿ ಹೋದರು. ಉಳಿದವನು ಒಬ್ಬನೇ ಮಗ. ನಾವು ಹೋದ ದಿನ ಅವನ ಮೈಯೆಲ್ಲ ಗುಳ್ಳೆ ಎದ್ದಿತ್ತು. ಯಾವ ಮಗ್ಗುಲಿಗೂ ಮಲಗಿಸಲಾಗದಂತೆ ಎದ್ದಿತ್ತು. ಬಾಯಿಯವರು ಅವನ ತುಟಿಗೆ ನೀರು ಹನಿಸುತ್ತಿದ್ದಾಗ ತಾಯಿ ಅವರ ಮಣಿಕಟ್ಟು ಹಿಡಿದಳು.

"ಬಾಯಾರ, ನಿಮ್ಮ ಸ್ವಾಮಿ ಸತ್ತ ಹುಡಿಗೀನ ಕೈ ಹಿಡದು ಎಬ್ಬಿಸಿದಾ ಅಂತ ನೀವ ಹೇಳೀರಿ. ಈಗ ಹೇಳ್ರಿ. ನನ್ನ ಮಗ ಉಳೀತಾನೋ ಇಲ್ಲೋ?"

"ಬೇಡಿಕೊಳ್ಳೂಣು ಯವ್ವಾ."

"ಬೇಡೋದು ಬ್ಯಾಡ್ರಿ. ಬೇಡಿ ಬೇಡಿ ಸಾಕಾಗೇತಿ. ಹೌದೋ ಇಲ್ಲೋ ಅಷ್ಟ ಹೇಳ್ರಿ."

ಬಾಯಿಯವರು ನೀರಿನ ಬಟ್ಟಲನ್ನು ಕೆಳಗಿಟ್ಟರು. ಯಾರಿಗೂ ಎಂದೂ ಅವರು ಅಂಥ ಮಾತು ಕೊಟ್ಟವರಲ್ಲ. ಹುಡುಗ ಕಣ್ಣು ಬಿಡಲಾಗದೆ ಅವ್ವನ ಬಳೆಗಳನ್ನು ಕೈಯಿಂದ ತಡಕಾಡುತ್ತಿದ್ದ.

"ಉಳೀತಾನವ್ವಾ," ಅಂದರು. "ಆತನ ಹೆಸರಿನ ಮ್ಯಾಲ ಹೇಳ್ತೇನಿ, ಉಳೀತಾನ."

ಹೊರಗೆ ಬಂದೆವು. ದಾರಿಯುದ್ದಕ್ಕೂ ಅವರ ತುಟಿ ಅಲುಗುತ್ತಿತ್ತು. ಬೇಡಿಕೊಳ್ಳುತ್ತಿದ್ದಾರೆಂದು ಗೊತ್ತಾಗಿ ನಾನು ಸ್ವಲ್ಪ ಹಿಂದೆ ಉಳಿದೆ. ನನಗೆ ನಂಬಿಕೆ ಅಷ್ಟಕ್ಕಷ್ಟೇ. ಆದರೂ ಅವತ್ತು ಮನೆಗೆ ಹೋಗುವ ಮುಂದೆ ಸಿದ್ಧೇಶ್ವರ ಗುಡಿಯ ಹೊಸ್ತಿಲಿಗೆ ಹಣೆ ಮುಟ್ಟಿಸಿ ಬಂದೆ.

ಮುಂದೆ ನಾವು ಆ ವಸ್ತಿಗೆ ಹೋದಾಗ ತಾಯಿ ಗುಡಿಸಲಿನ ಹೊರಗೆ ಕಾಲು ಚಾಚಿ ಕುಳಿತಿದ್ದಳು. ಒಳಗೆ ಯಾರೂ ಇರಲಿಲ್ಲ. ನಮ್ಮನ್ನು ನೋಡಿ ಅವಳು ಬೈಯಲಿಲ್ಲ, ಅಳಲೂ ಇಲ್ಲ.

"ನೀವ ಹೇಳಿದ್ರಲ್ಲ ಬಾಯಾರ," ಅಂದಳು. ಅಷ್ಟೇ.

ಬಾಯಿಯವರು ಅವಳ ಮಗ್ಗುಲಲ್ಲಿ ನೆಲಕ್ಕೇ ಕುಳಿತರು. ನಾನು ಉಳಿದ ಗುಡಿಸಲುಗಳಲ್ಲಿ ಕೆಲಸ ಮುಗಿಸಿ ಬಂದರೂ ಇಬ್ಬರೂ ಹಾಗೇ ಕುಳಿತಿದ್ದರು. ನೆರಳು ಸರಿದು ಬಿಸಿಲು ಅವರ ಮೇಲೆ ಬಿದ್ದಿತ್ತು. ಅವರಿಗೆ ಅದು ಗೊತ್ತಿದ್ದಂತೆ ಕಾಣಲಿಲ್ಲ.

ತಿರುಗಿ ಬರುವಾಗ ಒಂದು ಜಾಲಿಯ ಗಿಡದ ಕೆಳಗೆ ಬುತ್ತಿ ಬಿಚ್ಚಿದೆವು. ನಾನು ಎಂದಿನಂತೆ ಅವರ ಪ್ರಾರ್ಥನೆ ಮುಗಿಯಲೆಂದು ಕೈ ಕಟ್ಟಿಕೊಂಡು ಕುಳಿತೆ. ಅವರು ರೊಟ್ಟಿ ಮುರಿದು ಖಾರದ ಹಿಂಡಿ ಹಚ್ಚಿಕೊಂಡು ಬಾಯಿಗೆ ಹಾಕಿಕೊಂಡರು.

"ಬಾಯಾರ, ಪ್ರಾರ್ಥನಿ?"

ಅವರು ಅಗಿದು ನುಂಗಿದರು. "ಇವತ್ತಿಂದ ನಾ ಆತನ ಕೂಡ ಮಾತು ಬಿಟ್ಟೇನಿ."

ನಾನು ಕಟ್ಟಿದ್ದ ಕೈ ಬಿಚ್ಚಿ ನೀರಿನ ತಂಬಿಗೆಯನ್ನು ಅವರತ್ತ ಸರಿಸಿದೆ.

"ತಪ್ಪು ನಂದ ಐತಿ ತಮ್ಮಾ. ಆತನ್ನ ಕೇಳದ ನಾ ಮಾತು ಕೊಡಬಾರದಿತ್ತು. ಆತ ನನ್ನ ಮರ್ಯಾದಿ ಉಳಿಸೋದೇನು ಬ್ಯಾಡಿತ್ತು. ಆ ಹುಡುಗನ್ನ ಉಳಿಸಿದ್ರ ಸಾಕಿತ್ತು. ಒಂದ ಒಂದು ಹುಡುಗ." ಅವರು ನೀರು ಕುಡಿದರು. "ನನ್ನ ಇಂಥಾ ಕೆಲಸಕ್ಕ ಬಿಟ್ಟಾನಂತ ತಿಳಕೊಂಡಿದ್ದೆ. ಈಗ ಹಂಗೂ ಅನಸವಲ್ಲದು. ಒಯ್ಯಾಕ ಮರತಿದ್ದ, ಅಷ್ಟ."

"ಹಂಗಾದ್ರ ನಾಳಿಂದ ಬರೂದಿಲ್ಲೇನ್ರಿ?"

"ಯಾಕ ಬರೂದಿಲ್ಲ? ಗಂಡನ ಕೂಡ ಮಾತು ಬಿಟ್ಟಾಕಿ ಅಡಗಿ ಮಾಡೂದು ಬಿಡ್ತಾಳೇನು? ಮಕ್ಕಳು ಉಣ್ಣಬೇಕಲ್ಲ. ಏಳು, ಬಿಸಿಲು ಏರಾಕತ್ತೇತಿ."

ಅವರು ಹೇಳಿದ್ದು ಕೋಪದ ಮಾತೆಂದು ಆಗ ಅಂದುಕೊಂಡೆ. ನಾಲ್ಕು ದಿನಕ್ಕೆ ಇಳಿಯುತ್ತದೆ ಎಂದುಕೊಂಡೆ. ಇಳಿಯಲಿಲ್ಲ. ರೋಗ ತಾನಾಗಿ ತಣ್ಣಗಾಗುವವರೆಗೂ ಅವರು ಒಂದು ದಿನ ತಪ್ಪಿಸದೆ ಬಂದರು, ಒಮ್ಮೆಯೂ ಕಣ್ಣು ಮುಚ್ಚಲಿಲ್ಲ. ಕೆಲಸ ಮಾಡುವಾಗ ಗುನುಗುವ ಹಾಡು ನಿಂತುಹೋಯಿತು. ಪ್ರಾರ್ಥನಾ ಮಂದಿರದ ಕಸ ಹೊಡೆಯುತ್ತಿದ್ದರು, ದೀಪ ಹಚ್ಚುತ್ತಿದ್ದರು, ರವಿವಾರ ನಾಲ್ಕು ಜನ ಸೇರಿದರೆ ಚಾಪೆ ಹಾಸಿ ಕೊಟ್ಟು ತಾವು ಹೊರಗಿನ ಕಟ್ಟೆಯ ಮೇಲೆ ಕೂಡುತ್ತಿದ್ದರು.

ಮಳೆ ಬಿದ್ದು ರೋಗ ನಿಂತ ಮೇಲೆ ವಿಜಾಪುರದ ಚರ್ಚಿನಲ್ಲಿ ಕೃತಜ್ಞತೆಯ ಆರಾಧನೆ ಇಟ್ಟುಕೊಂಡರು. ಕಷ್ಟದಲ್ಲಿ ಕೆಲಸ ಮಾಡಿದವರೆಂದು ನನ್ನನ್ನೂ ಕರೆದಿದ್ದರು. ನಾನು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಸಭಾಪಾಲಕರು ಮಾತು ಮುಗಿಸಿ, ದೇವರು ಹೇಗೆ ನಡೆಸಿದನೆಂದು ಸಾಕ್ಷಿ ಹೇಳಬೇಕು ಎಂದು ಬಾಯಿಯವರನ್ನು ಮುಂದೆ ಕರೆದರು. ಅವರು ಕುಳಿತಲ್ಲೇ ಎದ್ದು ನಿಂತರು.

"ನನ್ನ ಹತ್ರ ಸಾಕ್ಷಿ ಇಲ್ರಿ. ನಾ ಕಂಡದ್ದು ಹೇಳಿದ್ರ ನಿಮ್ಮ ಹಬ್ಬ ಕೆಡತೈತಿ. ನಾನು ಆತನ ಕೂಡ ಮಾತು ಬಿಟ್ಟೇನಿ. ಮಾತು ಬಿಟ್ಟಾಕಿ ಸಾಕ್ಷಿ ಹೇಳಬಾರದು."

ಹೇಳಿ ಕುಳಿತುಬಿಟ್ಟರು. ಚರ್ಚಿನಲ್ಲಿ ಗುಸುಗುಸು ಎದ್ದಿತು. ಹಿರಿಯರು ಕೆಲವರು ಆಮೇಲೆ ಅಂಗಳದಲ್ಲಿ ನಿಂತು, ಇಂಥವರನ್ನು ಕೆಲಸದಲ್ಲಿ ಹೇಗೆ ಇಟ್ಟುಕೊಳ್ಳುವುದು ಎಂದು ಕೇಳಿದರು. ನಂಬಿಕೆ ಕಳೆದುಕೊಂಡವರು ಬೇರೆಯವರಿಗೆ ಏನು ಹೇಳುತ್ತಾರೆ? ಆ ಪ್ರಶ್ನೆ ತಪ್ಪೆಂದು ನಾನೂ ಹೇಳಲಾರೆ.

ಸಭಾಪಾಲಕರು ಕೆಲವು ದಿನ ಬಿಟ್ಟು ತಿಕೋಟಾಕ್ಕೆ, ಬಾಯಿಯವರ ಮನೆಗೆ ಬಂದರು. ತೆಳ್ಳಗಿನ, ಮೆಲುದನಿಯ ಮನುಷ್ಯ. ಆ ವರ್ಷ ಅವರೂ ತಮ್ಮ ಕೈಯಾರೆ ಬಹಳ ಜನರಿಗೆ ಮಣ್ಣು ಕೊಟ್ಟಿದ್ದರು. ನಾನು ಎದ್ದು ಹೊರಗೆ ಹೋಗುತ್ತಿದ್ದೆ, ಬಾಯಿಯವರು ಬೇಡವೆಂದರು.

"ಇದು ಪರೀಕ್ಷೆ ಅಂತ ತಿಳೀರಿ ಬಾಯಾರ," ಅಂದರು ಸಭಾಪಾಲಕರು. "ನಂಬಿಕಿ ಇದ್ದವರಿಗೇ ಪರೀಕ್ಷೆ ಬರೂದು."

"ಪರೀಕ್ಷೆ ನನಗಿದ್ರ ನನ್ನ ಇನ್ನೊಂದು ಕಣ್ಣು ತಗೋಬೇಕಿತ್ತು ಅಯ್ಯಾರ. ನಾ ಕೊಡ್ತಿದ್ದೆ. ಆ ಹುಡುಗ ಯಾವ ಸಾಲಿಗೆ ಹೋಗಿದ್ದ, ಅವಗ ಪರೀಕ್ಷೆ ಇಡಾಕ?"

ಸಭಾಪಾಲಕರು ಚಹಾದ ಬಸಿಯನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದರು. ಉತ್ತರ ಹುಡುಕುತ್ತಿದ್ದಾರೆಂದು ಮೊದಲು ಅನಿಸಿತು. ಆಮೇಲೆ ನೋಡಿದರೆ ಅವರ ಕಣ್ಣುಗಳು ತುಂಬಿದ್ದವು. "ನನಗ ಗೊತ್ತಿಲ್ರಿ ಬಾಯಾರ," ಅಂದರು. "ನಾನೂ ದಣಿದೇನಿ."

ಅವತ್ತು ಮಧ್ಯಾಹ್ನ ಅವರು ನಮ್ಮ ಸಂಗಡವೇ ಬಂದರು. ಅಳುವ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತೋಳು ಹಿಡಿದುಕೊಟ್ಟರು. ಅಂಗಿಯ ಮೇಲೆಲ್ಲ ಮಕ್ಕಳ ಸಿಂಬಳ. ಸಂಜೆಯ ಬಸ್ಸು ಹತ್ತುವಾಗ ಬಾಯಿಯವರಿಗೆ, "ನೀವು ಮಾತಾಡೂತನಾ ನಿಮ್ಮ ಪಾಲಿಂದೂ ನಾನ ಬೇಡಿಕೋತೇನಿ. ಕೆಲಸ ನಡೀಲಿ" ಎಂದು ಹೇಳಿ ಹೋದರು. ಹಿರಿಯರಿಗೆ ಅವರು ಏನು ಹೇಳಿದರೋ, ಆ ವಿಷಯ ಮತ್ತೆ ಯಾರೂ ಎತ್ತಲಿಲ್ಲ.

ಆಮೇಲಿನ ವರ್ಷಗಳಲ್ಲಿ ದೊಡ್ಡದೇನೂ ನಡೆಯಲಿಲ್ಲ. ಒಳ್ಳೆಯ ಲಸಿಕೆ ಬಂತು, ಬಿಸಿಲಿಗೆ ಕೆಡುತ್ತಿರಲಿಲ್ಲ. ಜನ ತಾವಾಗಿ ತೋಳು ಚಾಚತೊಡಗಿದರು. ರೋಗದ ಕಾಲದಲ್ಲಿ ಬಾಯಿಯವರನ್ನು ಅಡುಗೆಮನೆಯವರೆಗೂ ಕರೆದುಕೊಂಡಿದ್ದ ಮನೆಗಳಲ್ಲಿ ಈಗ ಮತ್ತೆ ಹೊರಗಿನ ಕಟ್ಟೆಯ ಮೇಲೆ ಕೂರಿಸಿ, ಮೇಲಿನಿಂದ ಬೊಗಸೆಗೆ ನೀರು ಸುರಿಯುತ್ತಿದ್ದರು. ಯಾರ ಮಗಳ ಮೈಯನ್ನು ಇವರು ಹಗಲೆಲ್ಲ ತೊಳೆದಿದ್ದರೋ ಆ ಮನೆಯಲ್ಲೇ ಹಾಗೆ ಮಾಡಿದ ದಿನ ನನಗೆ ಸಿಟ್ಟು ತಡೆಯಲಾಗಲಿಲ್ಲ. ಅವರು ಕೈ ಒರೆಸಿಕೊಳ್ಳುತ್ತ, "ಇರಲಿ ಬಿಡೋ. ಹೊರಗ ಕುಂದ್ರಿಸ್ಯಾರಂದ್ರ ಮನ್ಯಾಗ ಎಲ್ಲಾರೂ ಅರಾಮ ಅದಾರ ಅಂತ ಅರ್ಥ" ಅಂದರು. ನಗಲಿಲ್ಲ. ಆ ದಿನಗಳಲ್ಲಿ ಅವರು ನಗುವುದು ಕಡಿಮೆಯಾಗಿತ್ತು. ನಡಿಗೆ ನಿಧಾನವಾಗಿತ್ತು. ಊರೂರಿಗೆ ಬರುತ್ತಿದ್ದರು, ಬಾಣಂತಿಯರನ್ನು ನೋಡುತ್ತಿದ್ದರು, ಕೂಸುಗಳಿಗೆ ನೀರೆರೆಯುತ್ತಿದ್ದರು. ಕತೆ ಮಾತ್ರ ಹೇಳುತ್ತಿರಲಿಲ್ಲ. ಹೆಂಗಸರು ಕೇಳಿದರೆ, ಗಂಟಲು ಸರಿಯಿಲ್ಲ ಅನ್ನುವರು.

ಆ ವಸ್ತಿಯ ಕಡೆ ಹೋಗುವ ದಾರಿಯಲ್ಲಿ ಅವರು ಮೊದಲಿಗಿಂತ ಬೇಗ ಹೆಜ್ಜೆ ಹಾಕುತ್ತಿದ್ದರು. ತಾಯಿಯನ್ನು ನೋಡದೆ ಬರುತ್ತಿರಲಿಲ್ಲ, ಅವಳೆದುರು ಹೆಚ್ಚು ಮಾತಾಡುತ್ತಲೂ ಇರಲಿಲ್ಲ. ಒಂದು ಸಲ ಹೋದಾಗ ಆ ತಾಯಿ ಕಡಲೆ ಕೇರುತ್ತ ಕುಳಿತಿದ್ದಳು. ಅವಳಿಗೆ ಮತ್ತೆ ಮಕ್ಕಳಾಗಲಿಲ್ಲ. ಮೊರ ಕೆಳಗಿಟ್ಟು, "ಬಾಯಾರ, ಒಂದು ಕತಿ ಹೇಳ್ರಿ" ಅಂದಳು.

"ಯಾವ ಬಾಯಿಲೆ ಹೇಳ್ಲವ್ವಾ? ನಾ ಆತನ ಕೂಡ ಮಾತು ಬಿಟ್ಟೇನಿ."

"ಯಾವಾಗಿಂದ?"

"ನಿನ್ನ ಮಗ ಹೋದಾಗಿಂದ."

ಅವಳು ಮೊರದಲ್ಲಿದ್ದ ಕಲ್ಲೊಂದನ್ನು ಆರಿಸಿ ಎಸೆದಳು. "ಆತನ ಕತಿ ಬ್ಯಾಡ್ರಿ. ಆತನ ಅವ್ವನ ಕತಿ ಹೇಳ್ರಿ. ಮಗನ್ನ ಗಿಡಕ್ಕ ಬಡದಾಗ ಕೆಳಗ ನಿಂತಿದ್ಲು ಅಂದಿದ್ರಲ್ಲ, ಆಕೀದು" ಅಂದಳು.

ಬಾಯಿಯವರು ಆಗ ಆ ಕತೆ ಹೇಳಿದರು. ನಾನು ಅವರ ಬಾಯಿಂದ ಎಷ್ಟೋ ಕತೆ ಕೇಳಿದ್ದೆ, ಹಾಗೆ ಹೇಳಿದ್ದನ್ನು ಕೇಳಿರಲಿಲ್ಲ. ದನಿ ಏರಿಸಲಿಲ್ಲ. ತಾಯಿ ಎಲ್ಲಿ ನಿಂತಿದ್ದಳು, ಅವಳನ್ನು ಯಾರು ಹಿಡಿದುಕೊಂಡಿದ್ದರು, ಮಗ ನೀರು ಕೇಳಿದಾಗ ಅವಳ ಕೈಗೆ ಅವನ ಬಾಯಿ ಎಟುಕಲಿಲ್ಲವೆಂಬುದು, ಕೆಳಗಿಳಿಸಿದ ಮೇಲೆ ಅವನ ತಲೆ ಅವಳ ತೊಡೆಯ ಮೇಲೆ ಎಷ್ಟು ಭಾರವಾಗಿತ್ತೆಂಬುದು. ಗುಹೆಯಲ್ಲಿ ಇಟ್ಟು ಬಾಗಿಲಿಗೆ ಕಲ್ಲು ಉರುಳಿಸಿದರು ಎಂಬಲ್ಲಿಗೆ ನಿಲ್ಲಿಸಿದರು.

"ಮುಂದ ಎದ್ದು ಬಂದಾ ಅಂತಿದ್ರಿ?" ಎಂದು ಕೇಳಿದಳು ಆ ತಾಯಿ.

"ಮುಂದಿಂದು ಪುಸ್ತಕದಾಗ ಐತವ್ವಾ. ನನ್ನ ಬಾಯಾಗ ಇನ್ನೂ ಬರವಲ್ಲದು."

"ಬರೂತನಾ ಇಷ್ಟ ಹೇಳ್ರಿ. ನನಗ ಇಷ್ಟ ಸಾಕು."

ಅಂದಿನಿಂದ ಆ ಒಂದು ಕತೆಯನ್ನು ಬಾಯಿಯವರು ಹೇಳತೊಡಗಿದರು. ಮಗು ಕಳೆದುಕೊಂಡ ಬೇರೆ ತಾಯಂದಿರೂ ಅದನ್ನೇ ಕೇಳುತ್ತಿದ್ದರು. ಪ್ರತಿ ಸಲವೂ ಕಲ್ಲು ಉರುಳಿಸಿದಲ್ಲಿಗೆ ಮುಗಿಯುತ್ತಿತ್ತು.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಅವರಿಗೆ ಹೊಟ್ಟೆಯಲ್ಲಿ ಗಡ್ಡೆಯಾಯಿತು. ವಿಜಾಪುರದ ಇಬ್ರಾಹಿಂಪುರದಲ್ಲಿ, ರೈಲು ಹಳಿಯ ಹತ್ತಿರ, ಅನಾಥಾಲಯದಲ್ಲಿ ಅವರೊಡನೆ ಬೆಳೆದ ಗೆಳತಿಯೊಬ್ಬರಿದ್ದರು. ಅವರ ಮನೆಗೆ ಬಂದು ಉಳಿದರು. ನಾನು ಸಂಜೆ ಕೆಲಸ ಮುಗಿಸಿ ಹೋಗುತ್ತಿದ್ದೆ. ಯಾವ ಊರಿಗೆ ಹೋಗಿದ್ದೆ, ಯಾರು ಹಡೆದರು, ಯಾರಿಗೆ ಏನು ಕೂಸು ಎಂದು ಕೇಳುವರು. ನೋವು ಬಂದಾಗ ಮಾತು ನಿಲ್ಲಿಸಿ, ಇಳಿದ ಮೇಲೆ ಅದೇ ಮಾತಿನಿಂದ ಮುಂದುವರಿಸುವರು.

ಒಂದು ಸಂಜೆ ನಾನು ಕುಳಿತ ಕೂಡಲೇ, "ತಮ್ಮಾ, ನಿನ್ನೆ ಮಾತಾಡಿದೆ" ಅಂದರು.

ಯಾರೊಡನೆ ಎಂದು ಕೇಳುವ ಅಗತ್ಯವಿರಲಿಲ್ಲ. "ಏನಂದ್ರಿ ಬಾಯಾರ?"

"ಏನನ್ನಲಿ? ಸಾಕಾತು ಅಂದೆ. ಬ್ಯಾರೆ ಏನೂ ಬಾಯಿಗೆ ಬರಲಿಲ್ಲ."

"ಆತ ಏನಂದ?"

"ಏನೂ ಅನ್ನಲಿಲ್ಲ." ಅವರು ಸ್ವಲ್ಪ ಹೊತ್ತು ಉಸಿರು ಸುಧಾರಿಸಿಕೊಂಡರು. "ಆದ್ರ ಎದ್ದು ಹೋಗಲಿಲ್ಲ. ಇಲ್ಲೇ ಕುಂತಿದ್ದ ಅನಸ್ತು. ನಾನೂ ಆ ತಾಯಿ ಮುಂದ ಹಂಗ ಕುಂತಿದ್ದೆ ನೋಡು, ಏನೂ ಹೇಳಾಕ ಬರದ. ಅವಗೂ ಏನೂ ಹೇಳಾಕ ಬರವಲ್ಲದೋ ಏನೋ."

ಅದು ಸಮಾಧಾನದ ಮಾತೋ, ದಣಿದವರ ಮಾತೋ, ನನಗೆ ಇವತ್ತಿಗೂ ಹೇಳಲು ಬಾರದು. ನಾನು ಅವರ ಕಾಲು ಒತ್ತುತ್ತ ಕುಳಿತೆ. ಗೆಳತಿ ದೀಪ ತಂದಿಟ್ಟರು.

ಅವರು ಹೋದ ದಿನ ನಾನು ಬಬಲೇಶ್ವರದಲ್ಲಿದ್ದೆ. ಶಾಲೆಯ ಮಕ್ಕಳು ತೋಳು ಏರಿಸಿಕೊಂಡು ಸಾಲಾಗಿ ನಿಂತಿದ್ದರು. ಬಸ್ಸಿನ ಕಂಡಕ್ಟರ್ ಬಂದು ಸುದ್ದಿ ಹೇಳಿದ. ಸಾಲು ಬಿಟ್ಟು ಬಂದರೆ ಅವರು ಮೆಚ್ಚುತ್ತಿರಲಿಲ್ಲ ಅನ್ನಿಸಿ ಕೊನೆಯ ಹುಡುಗಿಯವರೆಗೂ ಹಾಕಿದೆ. ಕಣ್ಣು ಮಂಜಾದಾಗ ಮಾಸ್ತರರು ಮಕ್ಕಳ ತೋಳು ಹಿಡಿದುಕೊಟ್ಟರು. ವಿಷಯ ತಿಳಿದು ವಸ್ತಿಯ ಆ ತಾಯಿಯೂ ರಸ್ತೆಗೆ ಬಂದು ನಿಂತಿದ್ದಳು. ಒಂದೇ ಬಸ್ಸಿನಲ್ಲಿ ವಿಜಾಪುರಕ್ಕೆ ಬಂದೆವು.

ನಾವು ಮುಟ್ಟುವ ಹೊತ್ತಿಗೆ ಮಣ್ಣು ಮುಗಿದಿತ್ತು. ಜನ ಹೋಗಿದ್ದರು. ಸಭಾಪಾಲಕರೊಬ್ಬರೇ ಗೋರಿಯ ಪಕ್ಕದ ಕಲ್ಲಿನ ಮೇಲೆ ಟೊಪ್ಪಿಗೆಯನ್ನು ಮೊಳಕಾಲ ಮೇಲಿಟ್ಟುಕೊಂಡು ಕುಳಿತಿದ್ದರು. ಅವರೂ ಈ ವರ್ಷಗಳಲ್ಲಿ ಮುದುಕರಾಗಿದ್ದರು. ನಾನು ಹೋಗಿ ಪಕ್ಕದಲ್ಲಿ ಕುಳಿತೆ.

"ಅವರು ಅವತ್ತು ಆ ಹುಡುಗನ ಸಲುವಾಗಿ ಕೇಳಿದ್ದಕ್ಕ ನಾ ಉತ್ತರ ಕೊಡಬೇಕಿತ್ತು," ಅಂದರು. "ಇಷ್ಟು ವರ್ಷ ಆದ್ರೂ ಆಗಲಿಲ್ಲ ನನ್ನ ಕೈಲೆ."

"ಅವ್ರು ಕೇಳಿದ್ದು ನಿಮ್ಮನ್ನಲ್ರಿ ಅಯ್ಯಾರ," ಅಂದೆ.

ಅವರು ತಲೆಯಾಡಿಸಿದರು. ವಸ್ತಿಯ ತಾಯಿ ಈವರೆಗೆ ದೂರ ನಿಂತಿದ್ದವಳು ಹತ್ತಿರ ಬಂದಳು. ಸಭಾಪಾಲಕರನ್ನು ನೋಡಿದಳು, ಆಮೇಲೆ ನನ್ನ ಕಡೆ ತಿರುಗಿದಳು.

"ಯಪ್ಪಾ, ಬಾಯಾರು ಕಡೀಕ ಆತನ ಕೂಡ ಮಾತಾಡಿದ್ರೇನು?"

"ಮಾತಾಡಿದ್ರವ್ವಾ. ನನ್ನ ಮುಂದ ಹೇಳ್ಯಾರ."

ಅವಳು ಉಸಿರು ಬಿಟ್ಟಳು. "ಛಲೋ ಆತು. ನನ್ನ ಸಲುವಾಗಿ ಬಿಟ್ಟಿದ್ರು. ನಾನ ಅವರ ಕೈ ಹಿಡದು ಹೇಳ್ರಿ ಹೇಳ್ರಿ ಅಂದಿದ್ದೆ. ಮಾತಾಡದ ಹಂಗ ಹೋಗಿದ್ರ ನಾ ಏನು ಮಾಡ್ಲಿ ಅಂತ ಬಸ್ಸಿನ್ಯಾಗ ಬರೂಮುಂದ ಅದ ಚಿಂತಿ ಹತ್ತಿತ್ತು."

ಅವಳು ಕುಕ್ಕರಗಾಲಲ್ಲಿ ಕುಳಿತು, ನೆಲ ಸಾರಿಸುವವಳಂತೆ ಹಸಿ ಮಣ್ಣಿನ ಮೇಲೆ ಅಂಗೈ ಆಡಿಸಿ ಅಲ್ಲಲ್ಲಿ ಎದ್ದಿದ್ದ ಹೆಂಟೆಗಳನ್ನು ಒತ್ತಿ ಸರಿ ಮಾಡಿದಳು. ಆಮೇಲೆ ಎದ್ದು ಕೈ ಕೊಡವಿ, ಬಬಲೇಶ್ವರಕ್ಕೆ ಕಡೆಯ ಬಸ್ಸು ಎಷ್ಟಕ್ಕೆ ಎಂದು ಕೇಳಿದಳು. ನಾನೂ ಸಭಾಪಾಲಕರೂ ಅವಳನ್ನು ಬಸ್‌ಸ್ಟ್ಯಾಂಡಿನವರೆಗೆ ಕಳಿಸಿ ಬಂದೆವು.